ಅಮ್ಮನ ಕಾಲು ತೊಳೆದವಳು: ಶ್ರಾದ್ಧದ ಊಟ ಮತ್ತು ಭಕ್ತಿಯ ಗುರುತು

ಪ್ರಶ್ನೆ: ನಮ್ಮ ತಾಯಿಯವರು ಪಾರ್ಶ್ವವಾಯುವಾಗಿ ಮೂರು ವರ್ಷ ಹಾಸಿಗೆಯಲ್ಲೇ ಇದ್ದರು. ಕೊನೆಯ ಎರಡು ವರ್ಷ ಅವರನ್ನು ನೋಡಿಕೊಂಡವಳು ಒಬ್ಬ ಕ್ರೈಸ್ತ ಹೋಮ್ ನರ್ಸ್. ಸಂಬಳ ಕೊಟ್ಟಿದ್ದೇವೆ, ನಿಜ. ಆದರೆ ಸಂಬಳಕ್ಕೆ ಯಾರೂ ಮಾಡದ್ದನ್ನು ಮಾಡಿದಳು. ದಿನಾ ಸಂಜೆ ಅಮ್ಮನ ಕಾಲನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚುತ್ತಿದ್ದಳು. "ಯಾಕಮ್ಮಾ ಇಷ್ಟೆಲ್ಲಾ?" ಅಂದರೆ "ನಮ್ಮ ಯೇಸುಸ್ವಾಮಿ ಮಾಡಿ ತೋರಿಸಿದ್ದೇ ಇದು ಸರ್" ಅನ್ನುತ್ತಿದ್ದಳು. ಮುಂದಿನ ತಿಂಗಳು ಅಮ್ಮನ ಎರಡನೇ ವರ್ಷದ ಶ್ರಾದ್ಧ. "ಅಮ್ಮನ ದಿನ ನಾನೂ ಬರಬಹುದಾ?" ಎಂದು ಫೋನ್ ಮಾಡಿ ಕೇಳಿದ್ದಾಳೆ. ನನ್ನ ಸಂದೇಹಗಳು ಇವು:

(1) ಅವಳನ್ನು ಆ ದಿನ ಕರೆಯಬಹುದೇ, ಊಟ ಹಾಕಬಹುದೇ?

(2) ಅವರಲ್ಲಿ ಸ್ನಾನ-ಸಂಧ್ಯೆ, ಮಡಿ-ಆಚಾರ ಯಾವುದೂ ಇಲ್ಲವಲ್ಲ, ಹಾಗಾದರೆ ಅವರ ಭಕ್ತಿ ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ?

(3) ಇದೆಲ್ಲ ಮತಾಂತರದ ಬಲೆ, ಹತ್ತಿರ ಸೇರಿಸಬೇಡ ಎಂದು ನನ್ನ ತಮ್ಮ ಬೇರೆಯವರ ಮೂಲಕ ಹೇಳಿ ಕಳಿಸಿದ್ದಾನೆ. ಇದರಲ್ಲಿ ಸತ್ಯವಿದೆಯೇ?

(4) ಅಮ್ಮನ ಚಿಕಿತ್ಸೆಯ ಖರ್ಚಿನ ವಿಷಯದಲ್ಲಿ ನನಗೂ ತಮ್ಮನಿಗೂ ಒಂದು ವರ್ಷದಿಂದ ಮಾತಿಲ್ಲ. ಆಸ್ತಿ ಭಾಗವಾಗಿದೆ. ಈ ಸಲ ಬೇರೆ ಬೇರೆ ಶ್ರಾದ್ಧ ಮಾಡೋಣ ಅಂತಿದ್ದೇವೆ. ದೋಷವಿದೆಯೇ?

— ಹೆಸರು ಬೇಡವೆಂದ ಓದುಗರು, ಬೆಂಗಳೂರು

ಉತ್ತರ: ಮಹಾಶಯರೇ, ತಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಪ್ರಶ್ನೆ ಕೇಳಿದ್ದೀರಿ. ಎರಡನೆಯದರಿಂದ ಶುರುಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕಿದರೆ ಉಳಿದ ಮೂರು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಪಾಠಶಾಲೆಯಲ್ಲಿ ನಮಗೆ ಅನ್ಯಮತದ ಗ್ರಂಥ ಯಾರೂ ಓದಿಸಲಿಲ್ಲ. ಆದರೆ ನಮ್ಮ ಗುರುಗಳು ಒಂದು ಶಿಸ್ತು ಕಲಿಸಿದ್ದರು. ಎದುರಿನವನ ಮಾತನ್ನು ಅವನ ಗ್ರಂಥದಿಂದಲೇ ಸರಿಯಾಗಿ ತಿಳಿಯದೆ ಅದರ ಬಗ್ಗೆ ಬಾಯಿ ತೆರೆಯಬಾರದು. ಪೂರ್ವಪಕ್ಷವನ್ನು ತಪ್ಪಾಗಿ ಇಟ್ಟವನ ಸಿದ್ಧಾಂತವೂ ತಪ್ಪೇ. ಅದಕ್ಕಾಗಿ ತಮ್ಮ ಪತ್ರ ಬಂದ ಮೇಲೆ ಕನ್ನಡದ ಸತ್ಯವೇದವನ್ನು ತರಿಸಿಕೊಂಡು, ಹೊಸ ಒಡಂಬಡಿಕೆಯ ಭಾಗವನ್ನು ಕೂತು ಓದಿದೆ. ಓದಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಕಾಲು ತೊಳೆಯುವ ವಿಧಿ

ಮೊದಲು ಒಂದು ತಿದ್ದುಪಡಿ. ಅವರಲ್ಲಿ ಆಚಾರವಿಲ್ಲ ಎಂದಿದ್ದೀರಿ. ಆಚಾರ ಇದೆ, ನಮ್ಮ ಥರದ್ದಲ್ಲ, ಅಷ್ಟೇ. ಅಮ್ಮನ ಕಾಲು ತೊಳೆಯುತ್ತಿದ್ದ ಆ ಹೆಣ್ಣುಮಗಳು, ಇದು ಯೇಸು ಮಾಡಿ ತೋರಿಸಿದ್ದು ಅಂದಳಲ್ಲ, ಅದು ಬಾಯಿಮಾತಿಗೆ ಅಂದದ್ದಲ್ಲ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಆ ಪ್ರಸಂಗ ಬರುತ್ತದೆ. ಯೇಸುವನ್ನು ಶಿಲುಬೆಗೆ ಏರಿಸುವುದಕ್ಕೆ ಹಿಂದಿನ ರಾತ್ರಿ. ಶಿಷ್ಯರ ಜೊತೆ ಊಟಕ್ಕೆ ಕೂತಿದ್ದಾನೆ. ನಡುವೆ ಎದ್ದು, ಮೇಲುವಸ್ತ್ರ ತೆಗೆದಿಟ್ಟು, ಸೊಂಟಕ್ಕೆ ಒಂದು ಬಟ್ಟೆ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿ, ಒಬ್ಬೊಬ್ಬ ಶಿಷ್ಯನ ಕಾಲನ್ನೂ ತೊಳೆದು ಒರೆಸುತ್ತಾನೆ. ಆ ಕಾಲದಲ್ಲಿ ಅದು ಮನೆಯ ಆಳು ಮಾಡುವ ಕೆಲಸ. ಪೇತ್ರನೆಂಬ ಹಿರಿಯ ಶಿಷ್ಯ ನಾಚಿಕೊಂಡು ಬೇಡವೇ ಬೇಡ ಅನ್ನುತ್ತಾನೆ. ಯೇಸು ಬಿಡುವುದಿಲ್ಲ. ತನ್ನನ್ನು ಹಿಡಿದುಕೊಡಲು ಆಗಲೇ ನಿಶ್ಚಯಿಸಿದ್ದ ಯೂದನೂ ಆ ಪಂಕ್ತಿಯಲ್ಲೇ ಕೂತಿದ್ದ. ಅವನ ಮನಸ್ಸು ಯೇಸುವಿಗೆ ಗೊತ್ತಿತ್ತು. ಆದರೂ ಅವನೊಬ್ಬನನ್ನು ಬಿಟ್ಟು ಮುಂದಕ್ಕೆ ಹೋದ ಎಂದು ಅಲ್ಲಿ ಬರೆದಿಲ್ಲ.

ನಮ್ಮಲ್ಲೂ ಪಾದ ತೊಳೆಯುವ ವಿಧಿ ಇದೆ. ಪೂಜೆಯಲ್ಲಿ ಪಾದ್ಯ ಎಂಬ ಉಪಚಾರ ಇದೆ. ಶ್ರಾದ್ಧದಲ್ಲಿ ಕರ್ತೃವು ದೇವಸ್ಥಾನದ ವಿಪ್ರರಿಗೆ ಚೌಕದ ಮಂಡಲ, ಪಿತೃಸ್ಥಾನದ ವಿಪ್ರರಿಗೆ ದುಂಡಗಿನ ಮಂಡಲ ಬರೆದು ಅವರ ಪಾದ ತೊಳೆಯುತ್ತಾನೆ. ಇಲ್ಲಿ ತೊಳೆಯಿಸಿಕೊಳ್ಳುವವರು ಪೂಜ್ಯರು, ತೊಳೆಯುವವನು ಯಜಮಾನ. ಅಲ್ಲಿ ನಡೆದದ್ದು ತಿರುಗುಮುರುಗು. ಗುರುವೇ ಶಿಷ್ಯನ ಕಾಲು ತೊಳೆದ. ತೊಳೆದು ಕೂತ ಮೇಲೆ ಹೇಳಿದ ಮಾತಿನ ಸಾರಾಂಶ ಇಷ್ಟು: ನಾನು ನಿಮಗೆ ಮಾಡಿದ್ದನ್ನು ನೀವು ಒಬ್ಬರಿಗೊಬ್ಬರು ಮಾಡಿ, ನಾನು ನಿಮ್ಮನ್ನು ಪ್ರೀತಿಸಿದ ಹಾಗೆ ನೀವೂ ಪ್ರೀತಿಸಿ, ನೀವು ನನ್ನವರು ಎಂದು ಲೋಕಕ್ಕೆ ಗೊತ್ತಾಗುವುದು ಇದರಿಂದ.

ತಮ್ಮ ಎರಡನೇ ಪ್ರಶ್ನೆಗೆ ಉತ್ತರ ಈ ಕೊನೆಯ ಮಾತಿನಲ್ಲಿದೆ. ಗುರುತು ಏನು ಅಂತ ಕೇಳಿದಿರಿ. ಹಣೆಯ ಮೇಲಿನ ಚಿಹ್ನೆ, ಉಡುವ ಬಟ್ಟೆ, ಹೇಳುವ ಪ್ರಾರ್ಥನೆ, ಯಾವುದನ್ನೂ ಅವರ ಗುರು ಗುರುತೆಂದು ಹೇಳಲಿಲ್ಲ. ಒಬ್ಬರನ್ನೊಬ್ಬರು ಪ್ರೀತಿಸುವುದೇ ಗುರುತು ಅಂದ. ಗುಡ್ ಫ್ರೈಡೇ ಹಿಂದಿನ ಗುರುವಾರ ಚರ್ಚುಗಳಲ್ಲಿ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುವುದು ಇದರ ನೆನಪಿಗೇ. 2016ರಲ್ಲಿ ಆ ದಿನ ಪೋಪ್ ಫ್ರಾನ್ಸಿಸ್ ಅವರು ರೋಮ್ ನಗರದ ಹೊರಗಿನ ಒಂದು ನಿರಾಶ್ರಿತರ ಕೇಂದ್ರಕ್ಕೆ ಹೋಗಿ, ಮಂಡಿಯೂರಿ ಅಲ್ಲಿದ್ದವರ ಕಾಲು ತೊಳೆದರು. ಅವರಲ್ಲಿ ಕ್ರೈಸ್ತರಿದ್ದರು, ಮುಸಲ್ಮಾನರಿದ್ದರು, ಭಾರತದಿಂದ ಹೋಗಿದ್ದ ಒಬ್ಬ ಹಿಂದೂ ಕೂಡ ಇದ್ದ. ಅವರು ವರ್ಷಕ್ಕೆ ಒಂದು ದಿನ ಮಾಡಿದ್ದನ್ನು ನಿಮ್ಮ ಮನೆಯ ಹುಡುಗಿ ಎರಡು ವರ್ಷ ದಿನಾ ಸಂಜೆ ಮಾಡಿದಳು.

ಬೆಲೆಯಲ್ಲ, ಫಲ

ಇಲ್ಲಿ ಒಂದು ಸೂಕ್ಷ್ಮವಿದೆ. ನಾವು ದಾನ ಮಾಡುವಾಗ, ವ್ರತ ಮಾಡುವಾಗ, ಸಂಕಲ್ಪದಲ್ಲಿ ಫಲ ಹೇಳುತ್ತೇವೆ. ಅದರಿಂದ ನಮ್ಮವರು ಅಂದುಕೊಳ್ಳುವುದುಂಟು: ಅವರೂ ಸೇವೆ ಮಾಡಿ ಪುಣ್ಯ ಕೂಡಿಸಿಕೊಂಡು ಸ್ವರ್ಗಕ್ಕೆ ಹೋಗುತ್ತಾರೆ. ಅವರ ಸಿದ್ಧಾಂತ ಹಾಗಲ್ಲ. ದೇವರು ಮೊದಲು ನಮ್ಮನ್ನು ಪ್ರೀತಿಸಿದ, ನಾವು ಅರ್ಹರಾಗುವುದಕ್ಕೂ ಮುಂಚೆಯೇ ಪ್ರೀತಿಸಿದ, ಆ ಕಾರಣಕ್ಕೆ ನಾವೂ ಪ್ರೀತಿಸುತ್ತೇವೆ ಎಂಬುದು ಅವರ ನಂಬಿಕೆ. ಎಂದರೆ ಪ್ರೀತಿ ಮುಕ್ತಿಗೆ ಕೊಡುವ ಬೆಲೆಯಲ್ಲ, ನಂಬಿಕೆ ಇದ್ದಲ್ಲಿ ಬಿಡುವ ಫಲ. ಮಾವಿನ ಮರ ಹಣ್ಣು ಬಿಟ್ಟು ಮಾವಾಗುವುದಿಲ್ಲ, ಮಾವಾಗಿರುವುದರಿಂದ ಆ ಹಣ್ಣು ಬಿಡುತ್ತದೆ. ಮರವನ್ನು ಹಣ್ಣಿನಿಂದ ತಿಳಿಯಿರಿ ಎಂದು ಯೇಸು ಬೇರೊಂದು ಕಡೆ ಹೇಳುತ್ತಾನೆ. ಹಣ್ಣೇ ಬಿಡದಿದ್ದರೆ? ಆಗ ಆ ನಂಬಿಕೆ ಬರಿಯ ಮಾತು.

ಈ ವಿಷಯದಲ್ಲಿ ಅವರ ಗ್ರಂಥ ಅವರಿಗೇ ಬಹಳ ಕಟುವಾಗಿದೆ. ಯೋಹಾನನ ಮೊದಲನೆಯ ಪತ್ರ ಅಂತ ಒಂದಿದೆ, ಐದೇ ಸಣ್ಣ ಅಧ್ಯಾಯ. ಕಣ್ಣಿಗೆ ಕಾಣುವ ಸಹೋದರನನ್ನು ದ್ವೇಷಿಸುತ್ತಾ ಕಣ್ಣಿಗೆ ಕಾಣದ ದೇವರನ್ನು ಪ್ರೀತಿಸುತ್ತೇನೆ ಅನ್ನುವವನನ್ನು ಆ ಪತ್ರ ಸುಳ್ಳುಗಾರ ಎಂದೇ ಕರೆಯುತ್ತದೆ. ಕೈಯಲ್ಲಿ ಅನುಕೂಲ ಇದ್ದು, ಎದುರಿಗೆ ಇಲ್ಲದವನನ್ನು ಕಂಡೂ ಮನಸ್ಸು ಮುಚ್ಚಿಕೊಳ್ಳುವವನಲ್ಲಿ ದೇವರ ಪ್ರೀತಿ ಹೇಗೆ ಇದ್ದೀತು ಎಂದು ಕೇಳುತ್ತದೆ. ಯಾಕೋಬನ ಪತ್ರವೂ ಅದನ್ನೇ ಹೇಳುತ್ತದೆ. ಬಟ್ಟೆಯಿಲ್ಲದೆ ಹಸಿದು ನಿಂತವನಿಗೆ ಏನೂ ಕೊಡದೆ, ಬೆಚ್ಚಗಿರಪ್ಪಾ ಎಂದು ಹರಸಿ ಕಳಿಸಿದರೆ ಏನು ಪ್ರಯೋಜನ, ಕ್ರಿಯೆಯಿಲ್ಲದ ನಂಬಿಕೆ ಸತ್ತಂತೆ ಎಂದು. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಎಷ್ಟು ಭಾಷೆ ಮಾತಾಡಿದರೂ ಪ್ರೀತಿ ಇಲ್ಲದವನು ಬರಿಯ ಕಂಚಿನ ಸದ್ದು ಎಂಬ ಅರ್ಥದ ಮಾತಿದೆ. ದಿನಾ ಜಾಗಟೆಯ ಸದ್ದಿನ ನಡುವೆ ನಿಲ್ಲುವ ನನಗೆ ಆ ಜಾಗ ಓದಿದಾಗ ಸ್ವಲ್ಪ ಚುರುಕ್ಕೆಂದಿತು.

ಈ ಯೋಹಾನನ ಬಗ್ಗೆ ಅವರಲ್ಲಿ ಒಂದು ಐತಿಹ್ಯವಿದೆ. ಜೆರೋಮ್ ಎಂಬ ಪುರಾತನ ವ್ಯಾಖ್ಯಾನಕಾರರು ಅದನ್ನು ದಾಖಲಿಸಿದ್ದಾರೆ. ಯೋಹಾನ ಎಫೆಸ ಎಂಬ ಊರಿನಲ್ಲಿ, ಅಂದರೆ ಈಗಿನ ಟರ್ಕಿಯಲ್ಲಿ, ಹಣ್ಣುಹಣ್ಣು ಮುದುಕನಾಗಿದ್ದ. ನಡೆಯಲಾಗದ ಅವನನ್ನು ಶಿಷ್ಯರು ಸಭೆಗೆ ಹೊತ್ತು ತರುತ್ತಿದ್ದರು. ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ, ಮಕ್ಕಳೇ ಒಬ್ಬರನ್ನೊಬ್ಬರು ಪ್ರೀತಿಸಿ ಅಂತ. ಕೇಳಿ ಕೇಳಿ ಬೇಸತ್ತ ಶಿಷ್ಯರು, ಯಾಕೆ ಯಾವಾಗಲೂ ಇದನ್ನೇ ಹೇಳುತ್ತೀರಿ ಎಂದರಂತೆ. ಪ್ರಭುವಿನ ಆಜ್ಞೆ ಇದು, ಇದೊಂದನ್ನು ಮಾಡಿದರೆ ಸಾಕು ಎಂದು ಮುದುಕ ಉತ್ತರಿಸಿದನಂತೆ. ನಮ್ಮಲ್ಲೂ ಹಿರಿಯರು ಕೊನೆಗಾಲಕ್ಕೆ ಒಂದೇ ಮಾತಿಗೆ ಬಂದು ನಿಲ್ಲುತ್ತಾರಲ್ಲ, ಹಾಗೆ.

ದಾಟಿಹೋದವನು ಅರ್ಚಕ

ಪ್ರೀತಿಸು ಅಂದರೆ ಯಾರನ್ನು? ನಮ್ಮ ಮನೆಯವರನ್ನೇ, ನಮ್ಮ ಮತದವರನ್ನೇ? ಈ ಪ್ರಶ್ನೆಯನ್ನು ಒಬ್ಬ ಧರ್ಮಶಾಸ್ತ್ರಿಯೇ ಯೇಸುವಿಗೆ ಕೇಳಿದ ಎಂದು ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಉತ್ತರವಾಗಿ ಒಂದು ಕಥೆ ಬರುತ್ತದೆ. ಯೆರೂಸಲೇಮಿನಿಂದ ಯೆರಿಕೋ ಊರಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು, ಸುಲಿದು, ಅರೆಜೀವ ಮಾಡಿ ಹೋಗಿದ್ದಾರೆ. ಮೊದಲು ಒಬ್ಬ ಯಾಜಕ ಬಂದ, ನೋಡಿದ, ರಸ್ತೆಯ ಆಚೆ ಬದಿಗೆ ಸರಿದು ಹೋದ. ಆಮೇಲೆ ದೇವಾಲಯದ ಪರಿಚಾರಕ ವರ್ಗದ ಲೇವಿಯನೊಬ್ಬ ಬಂದ, ಅವನೂ ಹಾಗೇ ಹೋದ. ಮೂರನೆಯವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಅಂದು ಕೊಡುಕೊಳ್ಳುವಿಕೆ ಇರಲಿಲ್ಲ, ಪರಸ್ಪರ ತಿರಸ್ಕಾರ. ಆ ಪರಕೀಯ ನಿಂತ, ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ವಾಹನದ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚಾದರೆ ಬರುವಾಗ ಕೊಡುತ್ತೇನೆ ಅಂದ. ಈ ಮೂವರಲ್ಲಿ ನೆರೆಯವನಾದವನು ಯಾರು ಎಂದು ಯೇಸು ಶಾಸ್ತ್ರಿಯನ್ನೇ ಕೇಳಿದ.

ಆ ಯಾಜಕ ಯಾಕೆ ದಾಟಿಹೋದ? ಅವರ ಶಾಸ್ತ್ರದಲ್ಲಿ ಯಾಜಕನು ಹೆಣ ಮುಟ್ಟಬಾರದು. ಬಿದ್ದವನು ಸತ್ತಿದ್ದರೆ ಮೈಲಿಗೆಯಾದೀತು ಎಂದು ಅಂಜಿರಬಹುದು ಎಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಈ ಕಥೆಯಲ್ಲಿ ನನಗೆ ನನ್ನದೇ ಮುಖ ಕಂಡಿತು. ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಮಡಿಯುಟ್ಟು ಯಜಮಾನರೊಬ್ಬರ ಮನೆಗೆ ಹೋಗುತ್ತಿದ್ದೆ. ಬಸ್ ಸ್ಟಾಪಿನ ಪಕ್ಕ ಒಬ್ಬ ಮುದುಕ ಬಿದ್ದಿದ್ದ. ಕುಡಿದಿರಬೇಕು ಅಂದುಕೊಂಡು ಪಂಚೆಯ ಅಂಚು ಎತ್ತಿಕೊಂಡು ಹೋದೆ. ಸಂಜೆ ವಾಪಸು ಬರುವಾಗ ಪಕ್ಕದ ಅಂಗಡಿಯವನು ಹೇಳಿದ: "ಕುಡಿದಿರ್ಲಿಲ್ಲ ಸ್ವಾಮಿ, ಶುಗರ್ ಇಳಿದು ಬಿದ್ದಿದ್ದ. ಸೊಪ್ಪು ಮಾರೋ ಹೆಂಗಸು ಆಟೋದಲ್ಲಿ ಹಾಕ್ಕೊಂಡು ಹೋದ್ಳು." ಆ ದಿನ ನಾನು ಹೇಳಿದ ಮಂತ್ರದಲ್ಲಿ ಒಂದು ಸ್ವರವೂ ತಪ್ಪಿರಲಿಲ್ಲ. ಆದರೂ ಆ ದಿನದ ಕರ್ಮ ಪೂರ್ತಿಯಾಯಿತು ಎಂದು ನನಗೆ ಇವತ್ತಿಗೂ ಅನಿಸಿಲ್ಲ.

ಬಲೆಯೋ, ಪ್ರೀತಿಯೋ

ಈಗ ಮೂರನೇ ಪ್ರಶ್ನೆ. ತಮ್ಮ ತಮ್ಮನವರ ಸಂಶಯವನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ಕೈಯಲ್ಲಿ ಔಷಧಿ, ಇನ್ನೊಂದು ಕೈಯಲ್ಲಿ ಕರಪತ್ರ ಹಿಡಿದವರು ಇದ್ದಾರೆ. ಕಷ್ಟದಲ್ಲಿದ್ದವರಿಗೆ ಇಂಥದ್ದು ಮಾಡಿದರೆ ಇಂಥದ್ದು ಕೊಡುತ್ತೇವೆ ಅನ್ನುವುದು ವ್ಯಾಪಾರ. ಅದನ್ನು ಬೇಡ ಎಂದು ಹೇಳುವ ಹಕ್ಕು ಎಲ್ಲ ಗೃಹಸ್ಥರಿಗೂ ಇದೆ. ಆದರೆ ಬೇರ್ಪಡಿಸುವ ಅಳತೆಗೋಲನ್ನು ಅವರ ಗ್ರಂಥವೇ ಕೊಟ್ಟಿದೆ. ಪ್ರೀತಿ ತನ್ನ ಲಾಭ ಹುಡುಕುವುದಿಲ್ಲ ಎಂದು ಪೌಲ ಬರೆದಿದ್ದಾನೆ. ಸಮಾರ್ಯದವನು ಗಾಯ ಕಟ್ಟುವ ಮುಂಚೆ, ಕಟ್ಟಿದ ಮೇಲೆ, ಬಿದ್ದವನಿಂದ ಏನನ್ನೂ ಕೇಳಲಿಲ್ಲ. ಹಾಗಾದರೆ ತಾವು ಕೇಳಿಕೊಳ್ಳಬೇಕಾದ್ದು ಒಂದೇ: ಈ ಹೆಣ್ಣುಮಗಳು ಎರಡು ವರ್ಷದಲ್ಲಿ ಸಂಬಳ ಬಿಟ್ಟು ಬೇರೆ ಏನು ಕೇಳಿದಳು? ಅಮ್ಮನ ಹಣೆಯ ಕುಂಕುಮ ಅಳಿಸಿದಳೇ? ದೇವರ ದೀಪ ಹಚ್ಚಬೇಡಿ ಅಂದಳೇ? ತಮ್ಮ ಪತ್ರದಲ್ಲಿ ಅಂಥದ್ದು ಒಂದೂ ಇಲ್ಲ. ಕೇಳಿದ್ದು ಈಗ, ಅದೂ ಅಮ್ಮನ ದಿನ ಬರಬಹುದಾ ಅಂತ. ಇದರಲ್ಲಿ ಬಲೆ ನನಗೆ ಕಾಣುವುದಿಲ್ಲ.

ಹಳೆಯ ಒಂದು ಉದಾಹರಣೆ ಹೇಳುತ್ತೇನೆ, ಅದು ನಮ್ಮಂಥ ಪುರೋಹಿತರಿಗೆ ಪಾಠ. ರೋಮ್ ಸಾಮ್ರಾಜ್ಯದಲ್ಲಿ 361ರಿಂದ 363ರವರೆಗೆ ಜೂಲಿಯನ್ ಎಂಬ ಚಕ್ರವರ್ತಿ ಇದ್ದ. ಕ್ರೈಸ್ತಮತ ಹಬ್ಬುತ್ತಿದ್ದ ಕಾಲ ಅದು. ಇವನು ಹಳೆಯ ದೇವತೆಗಳ ಗುಡಿ, ಬಲಿ, ಪೂಜೆಗಳನ್ನೆಲ್ಲ ಮತ್ತೆ ನಿಲ್ಲಿಸಲು ಹೊರಟ. ಆದರೂ ಜನ ಗುಡಿಗೆ ಮರಳಲಿಲ್ಲ. ಕಾರಣವೇನೆಂದು ಗಲಾತ್ಯ ಪ್ರಾಂತ್ಯದ ಮುಖ್ಯ ಅರ್ಚಕನಿಗೆ ಅವನು ಬರೆದ ಪತ್ರ ಇಂದಿಗೂ ಉಳಿದಿದೆ. ಆ ಗಲಿಲಾಯದವರು, ಅಂದರೆ ಕ್ರೈಸ್ತರು, ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಾರೆ, ನಮ್ಮವರಿಗೆ ನಮ್ಮಿಂದ ನೆರವಿಲ್ಲ, ಇದು ನಾಚಿಕೆಗೇಡು ಎಂದು ಅವನ ದೂರು. ಪರಊರಿನವರಿಗೆ ತೋರಿಸುವ ಆದರ, ಸತ್ತವರ ಸಂಸ್ಕಾರಕ್ಕೆ ಕೊಡುವ ಗಮನ, ಇದರಿಂದಲೇ ಅವರ ಮತ ಬೆಳೆಯಿತು ಎಂದು ಒಪ್ಪಿಕೊಳ್ಳುತ್ತಾನೆ. ಊರೂರಿಗೆ ಛತ್ರ ಕಟ್ಟಿಸಿ ಎಂದು ಅಪ್ಪಣೆ ಮಾಡುತ್ತಾನೆ. ಧಾನ್ಯ, ದ್ರಾಕ್ಷಾರಸ ಮಂಜೂರು ಮಾಡಿ, ಅದರಲ್ಲಿ ಐದನೇ ಒಂದು ಭಾಗ ಅರ್ಚಕರ ಸೇವೆಯಲ್ಲಿರುವ ಬಡವರಿಗೆ, ಉಳಿದದ್ದೆಲ್ಲ ಪರದೇಶಿಗಳಿಗೂ ಭಿಕ್ಷುಕರಿಗೂ ಅನ್ನುತ್ತಾನೆ. ನೋಡಿ, ಅವರನ್ನು ಮೆಚ್ಚದ ಚಕ್ರವರ್ತಿಯೇ ಆ ಗುರುತನ್ನು ಗುರುತಿಸಿದ.

ನಮ್ಮ ಸಮೀಪದ ಮಾತಿಗೆ ಬರೋಣ. ದೊಡ್ಡ ಕಾಯಿಲೆ ಬಂದರೆ ನಮ್ಮವರು ವೆಲ್ಲೂರಿಗೆ ಹೋಗುತ್ತಾರೆ. ಅಲ್ಲಿನ ಆಸ್ಪತ್ರೆಯ ಮೂಲ ಐಡಾ ಸ್ಕಡರ್ ಎಂಬ ಹೆಣ್ಣುಮಗಳು. ಅಪ್ಪ ಅಮೆರಿಕದಿಂದ ಬಂದಿದ್ದ ಮಿಷನರಿ ವೈದ್ಯರು. ಇವಳಿಗೆ ಇಲ್ಲಿ ನಿಲ್ಲುವ ಮನಸ್ಸೇ ಇರಲಿಲ್ಲ. ತಿಂಡಿವನಂ ಊರಿನಲ್ಲಿ ಒಂದು ರಾತ್ರಿ ಮೂವರು ಗಂಡಸರು, ಒಬ್ಬರಾದ ಮೇಲೆ ಒಬ್ಬರು ಬಂದು ಹೆಂಡತಿಯ ಹೆರಿಗೆ ಕಷ್ಟವಾಗಿದೆ ಎಂದು ಅವಳನ್ನೇ ಕರೆದರು. ನಾನು ವೈದ್ಯೆಯಲ್ಲ, ಅಪ್ಪ ಬರುತ್ತಾರೆ ಎಂದಳು. ಪರಪುರುಷ ಮುಟ್ಟುವುದು ಬೇಡ ಎಂದು ಮೂವರೂ ವಾಪಸು ಹೋದರು. ಅವರಲ್ಲಿ ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬನೂ ಹಿಂದೂ. ಬೆಳಗಾಗುವುದರೊಳಗೆ ಮೂರು ಹೆಣ್ಣುಜೀವಗಳೂ ಹೋಗಿದ್ದವು. ಆಮೇಲೆ ಅವಳು ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ, 1900ರಲ್ಲಿ ವೆಲ್ಲೂರಿಗೆ ಬಂದಳು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದಳು. ನಮ್ಮ ಮಂಗಳೂರಿನ ಕಂಕನಾಡಿಯಲ್ಲೂ ಹಾಗೇ. ಜರ್ಮನಿಯಲ್ಲಿ ಹುಟ್ಟಿದ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡುವುದರಿಂದ ಶುರುಮಾಡಿ, ಮುಂದೆ ಮನೆಯವರೇ ಹೊರಗೆ ಹಾಕುತ್ತಿದ್ದ ಕುಷ್ಠರೋಗಿಗಳಿಗೂ ಜಾಗ ಮಾಡಿದರು.

ಹಾಗೆಂದು ಕ್ರೈಸ್ತರೆಲ್ಲ ಹೀಗೇ ಅಂದುಕೊಳ್ಳಬೇಡಿ. ಅವರ ಚರಿತ್ರೆಯಲ್ಲಿ ಮತದ ಹೆಸರಿನಲ್ಲಿ ನಡೆದ ಯುದ್ಧಗಳಿವೆ, ವಿಚಾರಣೆ-ಚಿತ್ರಹಿಂಸೆಗಳಿವೆ. ತಮಿಳುನಾಡಿನ ಕೆಲವು ಕಡೆ ಅವರ ಸ್ಮಶಾನದಲ್ಲೂ ಜಾತಿಯ ಗಡಿ ಇದ್ದದ್ದುಂಟು. ಇದನ್ನೆಲ್ಲ ನಾವು ಅವರ ಮೇಲೆ ಹೊರಿಸಬೇಕಾಗಿಲ್ಲ, ಅವರ ಯೋಹಾನನೇ ಹೊರಿಸಿದ್ದಾನೆ. ಪ್ರೀತಿ ಇಲ್ಲದ ಕಡೆ ನಂಬಿಕೆಯೂ ಇಲ್ಲ ಎಂಬ ಅದೇ ಅಳತೆಗೆ ಅವರೂ ಒಳಗಾಗಬೇಕು. ಈ ಗುರುತು ನಿಜವಾದವನನ್ನು ತೋರಿಸುವ ಹಾಗೆಯೇ ವೇಷಧಾರಿಯನ್ನೂ ತೋರಿಸುತ್ತದೆ.

ಅವರ ದೇವತತ್ತ್ವ ಬೇರೆ, ನಮ್ಮದು ಬೇರೆ. ಎಲ್ಲ ಒಂದೇ ಎಂದು ಕಲಸಿ ಹೇಳುವವನು ನಾನಲ್ಲ. ಆದರೆ ಗೀತೆಯ 12ನೇ ಅಧ್ಯಾಯದಲ್ಲಿ ಭಗವಂತನು ತನಗೆ ಪ್ರಿಯನಾದ ಭಕ್ತನ ಲಕ್ಷಣ ಹೇಳುವಾಗ ಮೊದಲು ಎಣಿಸಿದ್ದು ಯಾವ ಪ್ರಾಣಿಯನ್ನೂ ದ್ವೇಷಿಸದಿರುವುದು, ಸ್ನೇಹ, ಕರುಣೆ. ಗೃಹಸ್ಥನಿಗೆ ಹೇಳಿದ ಪಂಚಮಹಾಯಜ್ಞಗಳಲ್ಲಿ ಮನುಷ್ಯಯಜ್ಞವೂ ಒಂದು. ದೇವಯಜ್ಞ ಮಾಡಿ ಮನುಷ್ಯಯಜ್ಞ ಬಿಟ್ಟವನಿಗೆ ಐದರಲ್ಲಿ ಒಂದು ಕಡಿಮೆಯೇ.

ಕರೆಯುವುದು ಹೇಗೆ

ಇನ್ನು ಮೊದಲ ಪ್ರಶ್ನೆ. ಅವಶ್ಯವಾಗಿ ಕರೆಯಿರಿ. ಕ್ರಮ ಹೀಗಿರಲಿ:

ಶ್ರಾದ್ಧದ ಅಡಿಗೆ ಮಡಿಯಲ್ಲಿ ಆಗಬೇಕು, ವಿಪ್ರಭೋಜನಕ್ಕೆ ಮುಂಚೆ ಯಾರಿಗೂ ಬಡಿಸಬಾರದು. ಇದು ಅವಳೊಬ್ಬಳಿಗೆ ಹಾಕಿದ ನಿಯಮವಲ್ಲ, ನಿಮ್ಮ ಮನೆಯ ಮಕ್ಕಳಿಗೂ ಇದೇ. ಹಾಗಾಗಿ ವಿಪ್ರಭೋಜನ, ಪಿಂಡಪ್ರದಾನ ಮುಗಿಯುವ ಹೊತ್ತಿಗೆ ಬರುವಂತೆ ಸಮಯ ಹೇಳಿ. ಬೇಗ ಬಂದರೆ ಹಜಾರದಲ್ಲಿ ಕೂರಲಿ. ಮಡಿಯಿಲ್ಲದ ಬಂಧುಗಳೂ ಅಲ್ಲೇ ತಾನೇ ಕೂರುವುದು. ಬಂದವಳು ಅಮ್ಮನ ಫೋಟೋ ಮುಂದೆ ಹೂವಿಟ್ಟು ಕೈಮುಗಿಯುವುದಾದರೆ, ತನ್ನ ರೀತಿಯಲ್ಲಿ ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲುವುದಾದರೆ, ಯಾವ ದೋಷವೂ ಇಲ್ಲ.

ಶ್ರಾದ್ಧಶೇಷದ ಊಟ ಜ್ಞಾತಿಬಂಧುಗಳಿಗೆ ಎಂಬುದು ಶಾಸ್ತ್ರ. ಇತ್ತ ಕ್ರೈಸ್ತರಲ್ಲೂ ಕೆಲವರು ನೈವೇದ್ಯದ ಅನ್ನ, ಪಿತೃಕಾರ್ಯದ ಅನ್ನ ತಿನ್ನುವುದಿಲ್ಲ. ಪೌಲನು ಈ ವಿಷಯ ಚರ್ಚಿಸಿ, ಅನ್ನದಲ್ಲಿ ದೋಷವಿಲ್ಲದಿದ್ದರೂ ಇನ್ನೊಬ್ಬನ ಮನಸ್ಸಿಗೆ ನೋವಾಗುವ ಹಾಗೆ ತಿನ್ನಬೇಡಿ ಎಂಬ ಅಭಿಪ್ರಾಯ ಕೊಟ್ಟಿದ್ದಾನೆ. ಅದಕ್ಕೆ ಅವಳನ್ನೇ ಮೊದಲು ಕೇಳಿಬಿಡಿ. ಎರಡೂ ಕಡೆಯ ನಿಯಮ ಉಳಿಯಬೇಕಾದರೆ ಸುಲಭ ದಾರಿ ಇದೆ. ಕರ್ಮ ಮುಗಿದ ಮೇಲೆ ಅವಳಿಗಾಗಿ ಬೇರೆಯಾಗಿ ಒಂದು ಅನ್ನ, ಸಾರು, ಅಮ್ಮನಿಗೆ ಇಷ್ಟವಾಗಿದ್ದ ಒಂದು ಸಿಹಿ ಮಾಡಿ. ಆದರೆ ಹಿತ್ತಲ ಮೆಟ್ಟಿಲ ಮೇಲೆ ಪೇಪರ್ ತಟ್ಟೆಯಲ್ಲಿ ಕೊಡಬೇಡಿ. ಎಲೆ ಹಾಕಿ, ತಮ್ಮ ಪತ್ನಿಯವರೇ ನಿಂತು ಬಡಿಸಲಿ. ಅಮ್ಮನ ಹೆಸರಿನಲ್ಲಿ ಒಂದು ಸೀರೆ ಕೊಡಿ. ಮನೆಯಲ್ಲಿ ಅನುಕೂಲವಿಲ್ಲದಿದ್ದರೆ ಮರುದಿನ ಕರೆದರೂ ಸರಿ. ಮನೆಮನೆಯ ಆಚಾರದಲ್ಲಿ ವ್ಯತ್ಯಾಸವಿರುತ್ತದೆ, ತಮ್ಮ ಪುರೋಹಿತರನ್ನೂ ಒಂದು ಮಾತು ಕೇಳಿ.

ತಮ್ಮನ ಮನೆಯ ಬಾಗಿಲು

ಕೊನೆಯ ಪ್ರಶ್ನೆ. ಅದನ್ನು ತಾವು ಕೊನೆಗೆ ಬರೆದಿದ್ದೀರಿ, ನನಗೆ ಅದೇ ಮೊದಲನೆಯದಾಗಿ ಕಂಡಿತು.

ಶಾಸ್ತ್ರದ ಪ್ರಕಾರ ವಿಭಕ್ತರಾದ ಸಹೋದರರು ಪ್ರತಿವರ್ಷದ ಶ್ರಾದ್ಧವನ್ನು ಬೇರೆ ಬೇರೆ ಮಾಡಬಹುದು. ಅದರಲ್ಲಿ ದೋಷವಿಲ್ಲ. ದೂರದ ಊರುಗಳಲ್ಲಿದ್ದು ಹಾಗೆ ಮಾಡುವವರು ಎಷ್ಟೋ ಜನ. ಆದರೆ ತಾವು ಬೇರೆ ಮಾಡಲು ಹೊರಟಿರುವುದು ವಿಭಾಗವಾಗಿದೆ ಎಂದಲ್ಲ, ಕೋಪವಿದೆ ಎಂದು. ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿ ಶ್ರಾದ್ಧಕ್ಕೆ ಶ್ಲಾಘ್ಯವಾದ ಮೂರು ಗುಣ ಹೇಳಿದೆ: ಶೌಚ, ಕೋಪವಿಲ್ಲದಿರುವುದು, ಆತುರವಿಲ್ಲದಿರುವುದು. ಶೌಚಕ್ಕೆ ನಾವು ಎಷ್ಟು ಒದ್ದಾಡುತ್ತೇವೆ! ಒಗೆದ ಪಂಚೆ, ಬೇರೆ ಒಲೆ, ಬಾವಿ ನೀರು ಎಲ್ಲಿ ಸಿಗುತ್ತದೆ ಎಂಬ ಚಿಂತೆ. ಪಕ್ಕದಲ್ಲೇ ಹೇಳಿರುವ ಅಕ್ರೋಧದ ಬಗ್ಗೆ ಪುರೋಹಿತರೂ ಕೇಳುವುದಿಲ್ಲ, ಯಜಮಾನರೂ ಹೇಳುವುದಿಲ್ಲ.

ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸುವಿನ ಒಂದು ಆದೇಶವಿದೆ. ಅದು ಕರ್ಮಕಾಂಡದವರಿಗೇ ಹೇಳಿದ ಹಾಗಿದೆ. ಕಾಣಿಕೆ ಹಿಡಿದು ಯಜ್ಞವೇದಿಯ ಮುಂದೆ ನಿಂತಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಅಸಮಾಧಾನ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗು, ಮೊದಲು ಅವನೊಂದಿಗೆ ಸರಿಮಾಡಿಕೊಂಡು ಬಾ, ಆಮೇಲೆ ಅರ್ಪಿಸು ಎಂದು. ಗಮನಿಸಿ, ನಿನಗೆ ಅವನ ಮೇಲೆ ಕೋಪ ಇದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ. ತಪ್ಪು ಯಾರದು ಎಂಬ ಲೆಕ್ಕವನ್ನೂ ಕೇಳಿಲ್ಲ. ಕಾಣಿಕೆ ಬೇಡ ಎಂದೂ ಹೇಳಿಲ್ಲ, ಆಮೇಲೆ ಬಂದು ಕೊಡು ಅಂದಿದೆ. ಕರ್ಮಕ್ಕೆ ಜಾಗವಿದೆ, ಆದರೆ ಎರಡನೇ ಜಾಗ.

ತಮ್ಮ ಕುಂಡಲಿ ತರಲೇ, ಗ್ರಹಶಾಂತಿ ಮಾಡಿಸಲೇ ಎಂದು ಇಂಥ ಸಂದರ್ಭದಲ್ಲಿ ಕೇಳುವವರಿದ್ದಾರೆ. ಬೇಡ. ಇನ್ನೂ ಒಂದು ತಿಂಗಳಿದೆ. ಒಂದು ಸಂಜೆ ತಾವೇ ತಮ್ಮನ ಮನೆಗೆ ಹೋಗಿ. ಆಸ್ಪತ್ರೆಯ ಬಿಲ್ಲುಗಳ ಫೈಲನ್ನು ಮನೆಯಲ್ಲೇ ಬಿಟ್ಟು ಹೋಗಿ. "ಅಮ್ಮನ ದಿನ ಬರ್ತಿದೆ ಕಣೋ, ಒಟ್ಟಿಗೆ ಮಾಡೋಣ ಬಾ" ಅಂತ ಮಾತ್ರ ಹೇಳಿ. ಬಾಗಿಲು ತೆರೆಯದೆ ಇರಬಹುದು. ಬೇರೆಯಾಗಿಯೇ ಮಾಡುತ್ತೇನೆ ಅನ್ನಬಹುದು. ಆಗ ತಾವು ಬೇರೆಯಾಗಿ ಮಾಡಿ, ಅದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ, ಅಕ್ರೋಧವೆಂಬ ಅಂಗಕ್ಕೂ ಲೋಪವಿಲ್ಲ. ಆದರೆ ಹೋಗದೆಯೇ ಬೇರೆ ಮಾಡಬೇಡಿ.

ಅಮ್ಮನ ಕಾಲು ತೊಳೆಯುವ ಭಾಗ್ಯ ಇಬ್ಬರು ಮಕ್ಕಳಿಗೂ ಇತ್ತು, ಅದು ಆ ಹುಡುಗಿಯ ಪಾಲಿಗೆ ಹೋ​ಯಿತು. ಹೋದದ್ದು ಹೋಯಿತು. ಈ ಸಲ ವಿಪ್ರರ ಪಾದ ತೊಳೆಯುವಾಗ ಒಬ್ಬರು ನೀರು ಹಾಕಿ, ಇನ್ನೊಬ್ಬರು ತೊಳೆಯುವ ಹಾಗಾದರೆ, ಹಜಾರದಲ್ಲಿ ಕೂತ ಆ ಹೆಣ್ಣುಮಗಳು ಅದನ್ನು ನೋಡಿದರೆ, ಅಮ್ಮನಿಗೆ ಅದಕ್ಕಿಂತ ಬೇರೆ ತೃಪ್ತಿ ಬೇಕಿಲ್ಲ.

ತಮ್ಮ ಕುಟುಂಬಕ್ಕೆ ಶುಭವಾಗಲಿ. ಹೋಗಿ ಬಂದ ಮೇಲೆ ಏನಾಯಿತೆಂದು ಒಂದು ಕಾರ್ಡು ಬರೆಯಿರಿ.